ಸ್ಕ್ಯಾನಿಂಗ್‌ನಲ್ಲಿ ಕಾಣದ ನೋವು

ಕಿಬ್ಬೊಟ್ಟೆಯಲ್ಲಿ ವರ್ಷಗಟ್ಟಲೆ ನೋವು. ರಿಪೋರ್ಟ್ ಮಾತ್ರ ನಾರ್ಮಲ್. ‘ಎಲ್ಲ ನಿನ್ನ ಮನಸ್ಸಿನದ್ದು’ ಎಂಬ ಒಂದು ಮಾತು ಎಷ್ಟೋ ಹೆಂಗಸರ ಬಾಯಿ ಮುಚ್ಚಿಸಿದೆ. ನೋವು ನಿಜ. ಮನಸ್ಸಿಗೂ ಅದರಲ್ಲಿ ಪಾಲುಂಟು. ಇವೆರಡನ್ನೂ ಒಟ್ಟಿಗೆ ಒಪ್ಪಿಕೊಂಡ ದಿನವೇ ಚಿಕಿತ್ಸೆ ಶುರುವಾಗುತ್ತದೆ.

ಮಾರ್ಚ್ ತಿಂಗಳ ಬಿಸಿಲು. ಅಂಗಳದ ತುಂಬ ಅಡಿಕೆ. ಚಾವಡಿಯ ನೆರಳಲ್ಲಿ ನಾಲ್ಕು ಹೆಂಗಸರು ಕೂತು ಸಿಪ್ಪೆ ಸುಲಿಯುತ್ತಿದ್ದಾರೆ. ಮೂವರ ಕೈ ನಿಲ್ಲುವುದಿಲ್ಲ. ನಾಲ್ಕನೆಯವಳು ಮಾತ್ರ ಆಗಾಗ ಏಳುತ್ತಾಳೆ, ಕಂಬಕ್ಕೆ ಒರಗುತ್ತಾಳೆ, ಸೆರಗಿನಡಿ ಕೈಯಿಟ್ಟು ಕಿಬ್ಬೊಟ್ಟೆ ಒತ್ತಿಕೊಂಡು ಮತ್ತೆ ಬಂದು ಕೂರುತ್ತಾಳೆ. ಸುಲಿದ ಲೆಕ್ಕಕ್ಕೆ ಕೂಲಿ. ಎದ್ದಷ್ಟು ಸಲವೂ ಕೂಲಿ ಕಡಿಮೆ.

ಮರುದಿನ ಅವಳು ಕಡಬದಿಂದ ಪುತ್ತೂರಿಗೆ ಬಸ್ಸು ಹತ್ತುತ್ತಾಳೆ. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ. ಒಳಗೆ ಬೇರೆ ಬೇರೆ ಕಡೆ ಮಾಡಿಸಿದ ಸ್ಕ್ಯಾನಿಂಗ್, ಮೂತ್ರದ ರಿಪೋರ್ಟ್, ಗ್ಯಾಸ್ಟ್ರಿಕ್‌ನ ಮಾತ್ರೆ, ಅರ್ಧ ಮುಗಿದ ಇನ್ಫೆಕ್ಷನ್ ಮಾತ್ರೆ. ಡಾಕ್ಟರು ಎಲ್ಲವನ್ನೂ ನೋಡಿ ಹೇಳುತ್ತಾರೆ: “ಎಲ್ಲ ನಾರ್ಮಲ್ ಉಂಟು. ಹೆದರುವಂಥದ್ದು ಎಂತದ್ದೂ ಇಲ್ಲ.”

“ನಾರ್ಮಲ್ ಆದರೆ ಮತ್ತೆ ನೋಯುವುದು ಎಂತಕ್ಕೆ ಡಾಕ್ಟ್ರೇ?”

ಹೊರಗೆ ಸಾಲು ಉದ್ದ ಇದೆ. ಉತ್ತರ ಸಿಗುವುದಿಲ್ಲ.

ಈ ಚಿತ್ರದಲ್ಲಿರುವವಳು ಒಬ್ಬ ನಿರ್ದಿಷ್ಟ ಹೆಂಗಸಲ್ಲ. ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲೂಕುಗಳ ಅಂಗಳ, ರಬ್ಬರ್ ತೋಟ, ಬೀಡಿ ಕಟ್ಟುವ ಜಗಲಿಗಳಲ್ಲಿ ಸಿಗುವ ಹಲವರನ್ನು ಸೇರಿಸಿ ಬರೆದದ್ದು. ಆದರೆ ಅವಳು ಕೇಳಿದ ಪ್ರಶ್ನೆ ನಿಜ, ಅದಕ್ಕೊಂದು ಉತ್ತರವೂ ಉಂಟು.

ಆರು ತಿಂಗಳು ದಾಟಿದ ಮೇಲೆ

ಹೊಕ್ಕುಳ ಕೆಳಗೆ, ಸೊಂಟದ ಎಲುಬುಗಳ ನಡುವಿನ ನೋವು ಸಾಮಾನ್ಯವಾಗಿ ಆರು ತಿಂಗಳಿಗಿಂತ ಹೆಚ್ಚು ಉಳಿದರೆ ವೈದ್ಯರು ಅದನ್ನು ದೀರ್ಘಕಾಲದ ಕಿಬ್ಬೊಟ್ಟೆ ನೋವು ಎನ್ನುತ್ತಾರೆ. ಮುಟ್ಟಿನ ದಿನಗಳಲ್ಲಿ ಹೆಚ್ಚಾಗಬಹುದು, ಮುಟ್ಟಿಗೆ ಸಂಬಂಧವೇ ಇಲ್ಲದೆಯೂ ಇರಬಹುದು. ಮೂತ್ರ ಮಾಡುವಾಗ, ಮಲವಿಸರ್ಜನೆಯಲ್ಲಿ, ಗಂಡನ ಜೊತೆ ಮಲಗಿದಾಗ, ಹೆಚ್ಚು ಹೊತ್ತು ಕೂತಾಗ ಕೆರಳಬಹುದು.

ಕಾರಣಗಳ ಪಟ್ಟಿ ಉದ್ದ. ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆಲ್ಲೋ ಬೆಳೆಯುವ ಎಂಡೊಮೆಟ್ರಿಯೋಸಿಸ್, ಹಳೆಯ ಸೋಂಕು, ಕ್ಷಯ, ಸಿಸೇರಿಯನ್ ಅಥವಾ ಬೇರೆ ಆಪರೇಶನ್ ನಂತರ ಒಳಗೆ ಅಂಟಿಕೊಂಡ ಪದರಗಳು, ಮೂತ್ರಕೋಶದ ತೊಂದರೆ, ಕರುಳಿನ ತೊಂದರೆ, ಬಿಗಿದ ಸ್ನಾಯು. ಹಲವರಲ್ಲಿ ಇವುಗಳಲ್ಲಿ ಎರಡು ಮೂರು ಒಟ್ಟಿಗೇ ಇರುತ್ತವೆ.

ಎಂಡೊಮೆಟ್ರಿಯೋಸಿಸ್ ಒಂದೇ ಹೆರುವ ವಯಸ್ಸಿನ ಸುಮಾರು ನೂರರಲ್ಲಿ ಹತ್ತು ಹೆಂಗಸರಿಗೆ, ಎಂದರೆ ಜಗತ್ತಿನಲ್ಲಿ ಸುಮಾರು 19 ಕೋಟಿ ಮಂದಿಗೆ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಾರ್ಚ್ ಅದರ ಜಾಗೃತಿಯ ತಿಂಗಳು. ರೋಗ ಶುರುವಾದಾಗಿನಿಂದ ಅದಕ್ಕೊಂದು ಹೆಸರು ಸಿಗುವವರೆಗೆ ಹಲವು ವರ್ಷ ಕಳೆಯುವುದು ಶ್ರೀಮಂತ ದೇಶಗಳಲ್ಲೂ ಮಾಮೂಲು. ಸಾಮಾನ್ಯ ಸ್ಕ್ಯಾನಿಂಗ್‌ನಲ್ಲಿ ಅದರ ಸಣ್ಣ ಕಲೆಗಳು ಕಾಣುವುದಿಲ್ಲ. ಒಳಗೆ ಕಲೆ ಹೆಚ್ಚಿದ್ದವಳಿಗೆ ನೋವು ಹೆಚ್ಚು, ಕಡಿಮೆ ಇದ್ದವಳಿಗೆ ಕಡಿಮೆ ಎಂಬ ಲೆಕ್ಕವೂ ಇಲ್ಲ.

ಆದ್ದರಿಂದ ‘ರಿಪೋರ್ಟ್ ನಾರ್ಮಲ್’ ಎಂದರೆ ಆ ಯಂತ್ರಕ್ಕೆ ಕಾಣುವಂಥದ್ದು ಏನೂ ಇಲ್ಲ ಎಂದು ಮಾತ್ರ. ನೋವಿಲ್ಲ ಎಂದಲ್ಲ.

ನರಕ್ಕೆ ನೋವಿನ ಅಭ್ಯಾಸ

ಗರ್ಭಕೋಶ, ಮೂತ್ರಕೋಶ, ದೊಡ್ಡ ಕರುಳು ಮೂರರ ನರಗಳೂ ಬೆನ್ನುಹುರಿಯ ಹೆಚ್ಚುಕಡಿಮೆ ಒಂದೇ ಭಾಗಕ್ಕೆ ಬಂದು ಸೇರುತ್ತವೆ. ಒಂದು ಅಂಗ ತಿಂಗಳುಗಟ್ಟಲೆ ನೋವಿನ ಸುದ್ದಿ ಕಳಿಸುತ್ತಿದ್ದರೆ ಆ ಭಾಗದ ನರಕೋಶಗಳು ಸೂಕ್ಷ್ಮವಾಗುತ್ತವೆ. ಆಮೇಲೆ ಮೂತ್ರಕೋಶ ತುಂಬಿದ್ದೂ ನೋವೇ, ಹೊಟ್ಟೆಯುಬ್ಬರವೂ ನೋವೇ, ಲಂಗದ ಲಾಡಿ ಬಿಗಿದರೂ ನೋವೇ. ಮೂಲದ ಗಾಯ ವಾಸಿಯಾದ ಮೇಲೂ ಈ ಸೂಕ್ಷ್ಮತೆ ಉಳಿಯಬಹುದು.

ಮನಸ್ಸಿನ ಪಾಲು ಬರುವುದು ಇಲ್ಲಿಯೇ. ಮಿದುಳು ನೋವಿನ ಸುದ್ದಿಯನ್ನು ಬರೀ ಕೇಳಿಸಿಕೊಂಡು ಕೂರುವುದಿಲ್ಲ. ಕೆಳಗೆ ಬೆನ್ನುಹುರಿಗೆ ತಾನೂ ಸಂದೇಶ ಕಳಿಸಿ ಬರುವ ನೋವನ್ನು ತಗ್ಗಿಸುತ್ತದೆ ಅಥವಾ ಹೆಚ್ಚಿಸುತ್ತದೆ. ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲೇ ಈ ಸಿದ್ಧಾಂತ ಮಂಡಿಸಿದರು. ನಿದ್ದೆಗೆಟ್ಟವಳಲ್ಲಿ, ಹೆದರಿದವಳಲ್ಲಿ, ಖಿನ್ನತೆಗೆ ಜಾರಿದವಳಲ್ಲಿ ನೋವನ್ನು ತಗ್ಗಿಸುವ ಶಕ್ತಿ ಕುಂದುತ್ತದೆ. ಅದೇ ಗಾಯ, ನೋವು ಇಮ್ಮಡಿ.

ಇನ್ನೊಂದು ದಿಕ್ಕಿನಿಂದಲೂ ಇದು ನಡೆಯುತ್ತದೆ. ದಿನವೂ ನೋಯುವವಳಿಗೆ ನಿದ್ದೆ ಬರುವುದಿಲ್ಲ, ಮನಸ್ಸು ಮಂಕಾಗುತ್ತದೆ, ‘ಇದು ಕ್ಯಾನ್ಸರ್ ಇರಬಹುದಾ’ ಎಂಬ ಹೆದರಿಕೆ ಹೊಕ್ಕುತ್ತದೆ. ನೋವಿನಿಂದ ಖಿನ್ನತೆ, ಖಿನ್ನತೆಯಿಂದ ಮತ್ತಷ್ಟು ನೋವು. ಯಾವುದು ಮೊದಲು ಎಂದು ವಿಚಾರಣೆ ಮಾಡುತ್ತ ಕೂರುವುದರಿಂದ ರೋಗಿಗೆ ಲಾಭವಿಲ್ಲ. ಎರಡಕ್ಕೂ ಒಟ್ಟಿಗೆ ಕೈಹಾಕಬೇಕು.

ಕೂತಲ್ಲೇ ಬಿಗಿಯುವ ಸ್ನಾಯು

ನಮ್ಮ ಊರಿನ ದುಡಿಮೆಯನ್ನೊಮ್ಮೆ ಹತ್ತಿರದಿಂದ ನೋಡೋಣ. ಬೀಡಿ ಕಟ್ಟುವ ಹೆಂಗಸು ಗೋಡೆಗೆ ಒರಗಿ, ಕಾಲು ಮಡಚಿ ಅಥವಾ ನೀಡಿ, ತೊಡೆಯ ಮೇಲೆ ಮೊರ ಇಟ್ಟುಕೊಂಡು ಕೂರುತ್ತಾಳೆ. ಮೊರದಲ್ಲಿ ಕತ್ತರಿಸಿದ ಎಲೆ, ಹೊಗೆಸೊಪ್ಪು, ನೂಲು. ಬೀಡಿ ಕಂಪೆನಿಯ ಬ್ರಾಂಚಿಗೆ ಕೊಡಬೇಕಾದ ಲೆಕ್ಕ ಮುಗಿಯುವವರೆಗೆ ಏಳುವಂತಿಲ್ಲ. ಹೆಗಲು ಮುಂದೆ ಬಾಗಿದೆ, ಹೊಟ್ಟೆ ಒಳಗೆ ಎಳೆದುಕೊಂಡಿದೆ, ಉಸಿರು ಎದೆಯಲ್ಲೇ ಆಡುತ್ತಿದೆ.

ಸೊಂಟದ ಎಲುಬಿನ ತಳದಲ್ಲಿ ಮುಂದಿನಿಂದ ಹಿಂದಕ್ಕೆ, ತೊಟ್ಟಿಲಿಗೆ ಕಟ್ಟಿದ ಬಟ್ಟೆಯ ಹಾಗೆ ಹರಡಿಕೊಂಡ ಸ್ನಾಯುಗಳಿವೆ. ಗರ್ಭಕೋಶ, ಮೂತ್ರಕೋಶಗಳನ್ನು ಹೊರುವುದು ಇವೇ. ಉಸಿರು ಎಳೆದಾಗ ಸಡಿಲಾಗಬೇಕು, ಬಿಟ್ಟಾಗ ಮೇಲೇಳಬೇಕು. ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿ ಕೂತರೆ, ಮೂತ್ರ ತಡೆದುಕೊಂಡರೆ, ಸದಾ ಹೆದರಿಕೆಯಲ್ಲಿದ್ದರೆ ಇವು ಬಿಗಿದುಕೊಂಡೇ ಉಳಿಯಬಹುದು. ಬಿಗಿದ ಸ್ನಾಯು ನೋಯುತ್ತದೆ, ನೋವು ಮತ್ತಷ್ಟು ಬಿಗಿಸುತ್ತದೆ.

ರಬ್ಬರ್ ಟ್ಯಾಪಿಂಗ್ ಮಾಡುವವರದ್ದು ಇನ್ನೊಂದು ಕಥೆ. 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದ ನಂತರ ಶ್ರೀಲಂಕಾದಿಂದ ಬಂದ ತಮಿಳು ಕುಟುಂಬಗಳಿಗೆ ಪುತ್ತೂರು, ಸುಳ್ಯದ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳು ಬದುಕು ಕೊಟ್ಟವು. ಅಲ್ಲಿ ಟ್ಯಾಪಿಂಗ್‌ಗೆ ಹೋಗುವ ಹೆಂಗಸು ಬೆಳಕು ಹರಿಯುವ ಹೊತ್ತಿಗೆ ಮರದಿಂದ ಮರಕ್ಕೆ ನಡೆಯಬೇಕು, ಬಗ್ಗಬೇಕು, ಹಾಲಿನ ಬಕೆಟ್ ಹೊರಬೇಕು. ತೋಟದ ನಡುವೆ ಶೌಚಾಲಯ ಎಲ್ಲಿಂದ ಬರಬೇಕು? ಹಾಗಾಗಿ ನೀರು ಕುಡಿಯದೆ, ಮೂತ್ರ ತಡೆದುಕೊಂಡು ದುಡಿಯುವುದು ಅಭ್ಯಾಸವಾಗುತ್ತದೆ.

ನೌಕರಿಯ ಹೆಂಗಸರಿಗೆ ತಿಂಗಳಿಗೊಂದು ದಿನ ಸಂಬಳ ಸಹಿತ ಮುಟ್ಟಿನ ರಜೆ ಕೊಡುವ ನೀತಿಗೆ ರಾಜ್ಯ ಸಂಪುಟ 2025ರ ಅಕ್ಟೋಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಒಳ್ಳೆಯ ಹೆಜ್ಜೆ. ಆದರೆ ಮನೆಯಲ್ಲೇ ಕೂತು ಬೀಡಿ ಕಟ್ಟುವವಳಿಗೆ, ಅಂಗಳದಲ್ಲಿ ಅಡಿಕೆ ಸುಲಿಯುವವಳಿಗೆ ರಜೆ ಎಂದರೆ ಇವತ್ತಿಗೂ ಕೂಲಿ ಇಲ್ಲದ ದಿನ.

---

ಬಾಕ್ಸ್ 1: ಕೂಡಲೇ ವೈದ್ಯರಿಗೆ ತೋರಿಸಿ

• ಮುಟ್ಟು ನಿಂತ ಮೇಲೆ ರಕ್ತ ಹೋದರೆ
• ಸಂಭೋಗದ ನಂತರ ರಕ್ತ ಕಂಡರೆ
• ಮಲ, ಮೂತ್ರದಲ್ಲಿ ರಕ್ತ ಬಂದರೆ
• ಕಾರಣವಿಲ್ಲದೆ ತೂಕ ಇಳಿದರೆ, ಹೊಟ್ಟೆಯಲ್ಲಿ ಗಂಟು ಸಿಕ್ಕಿದರೆ
• ನೋವಿನ ಜೊತೆ ಜ್ವರ, ದುರ್ವಾಸನೆಯ ಸ್ರಾವ ಇದ್ದರೆ
• ಮುಟ್ಟು ತಪ್ಪಿದ ದಿನಗಳಲ್ಲಿ ಒಮ್ಮೆಲೇ ತೀವ್ರ ನೋವು ಬಂದರೆ

---

ಹೇಳಲಾಗದ್ದನ್ನು ದೇಹ ಹೇಳುತ್ತದೆ

ದಕ್ಷಿಣ ಕನ್ನಡದ ಹೆಂಗಸರ ದೇಹ ಮತ್ತು ದುಃಖದ ನಂಟನ್ನು ಜಗತ್ತು ನಲವತ್ತು ವರ್ಷಗಳ ಹಿಂದೆಯೇ ಓದಿದೆ. ಅಮೆರಿಕದ ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ ನಮ್ಮ ಜಿಲ್ಲೆಯಲ್ಲಿದ್ದು ಹವ್ಯಕ ಹೆಂಗಸರ ಬದುಕನ್ನು ಹತ್ತಿರದಿಂದ ನೋಡಿ 1981ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಮನೆಯೊಳಗೆ ಬಾಯಿಬಿಟ್ಟು ಹೇಳಲಾಗದ ಸಂಕಟ ಊಟ ಸೇರದೆ ತೂಕ ಇಳಿಯುವುದರಲ್ಲಿ, ಮಡಿಯ ವಿಪರೀತದಲ್ಲಿ, ಮೈಮೇಲೆ ಬರುವುದರಲ್ಲಿ ಹೇಗೆ ದಾರಿ ಹುಡುಕಿಕೊಳ್ಳುತ್ತದೆ ಎಂದು ಅವರು ತೋರಿಸಿದರು. ಸಂಕಟಕ್ಕೆ ಪ್ರತಿ ಸಮಾಜವೂ ತನ್ನದೇ ನುಡಿಗಟ್ಟು ಕೊಡುತ್ತದೆ ಎಂಬ ಅವರ ವಿಚಾರ ಮನೋವೈದ್ಯಶಾಸ್ತ್ರಕ್ಕೆ ದಾರಿತೋರಿತು. 2013ರಲ್ಲಿ ಬಂದ ಅಮೆರಿಕದ ಮನೋರೋಗಗಳ ಕೈಪಿಡಿಯ ಐದನೇ ಆವೃತ್ತಿಯೂ ಅದನ್ನು ಒಳಗೊಂಡಿದೆ.

ನಮ್ಮದೇ ಕರಾವಳಿಯ ಗೋವಾದಲ್ಲಿ ಮನೋವೈದ್ಯ ವಿಕ್ರಂ ಪಟೇಲ್ ಮತ್ತು ಸಂಗಡಿಗರು ಸುಮಾರು ಎರಡೂವರೆ ಸಾವಿರ ಹೆಂಗಸರನ್ನು ಅಧ್ಯಯನ ಮಾಡಿದರು. ಬಿಳಿ ಸೆರಗಿನ ದೂರಿಗೆ ಸೋಂಕಿಗಿಂತ ಮನಸ್ಸಿನ ಒತ್ತಡದ ಜೊತೆ ಗಟ್ಟಿ ನಂಟಿರುವುದು 2005ರ ವರದಿಯಲ್ಲಿ ಹೊರಬಿತ್ತು. ಎಂದರೆ ಇಂಥ ದೂರಿಗೆಲ್ಲ ಬರೀ ಆ್ಯಂಟಿಬಯೋಟಿಕ್ ಬರೆದರೆ ಸಾಕಾಗುವುದಿಲ್ಲ.

ಕರ್ನಾಟಕದಲ್ಲಿ 3,600 ತಾಯಂದಿರನ್ನು ಕೇಳಿ ಜಗದೀಶ್ ಭಾಟಿಯಾ ಮತ್ತು ಜಾನ್ ಕ್ಲೀಲ್ಯಾಂಡ್ 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ನಿಶ್ಶಕ್ತಿ, ಮುಟ್ಟಿನ ತೊಂದರೆ, ಸ್ರಾವ, ಕಿಬ್ಬೊಟ್ಟೆ ನೋವಿನಂಥ ಲಕ್ಷಣಗಳಲ್ಲಿ ಒಂದಾದರೂ ಇತ್ತು. ಅದಕ್ಕೂ ಮೊದಲು, 1989ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ, ಮಹಾರಾಷ್ಟ್ರದ ಗಡಚಿರೋಲಿಯ ರಾಣಿ ಮತ್ತು ಅಭಯ್ ಬಂಗ್ ದಂಪತಿ 650 ಹೆಂಗಸರನ್ನು ಪರೀಕ್ಷಿಸಿದಾಗ ಶೇ 92ರಷ್ಟು ಮಂದಿಗೆ ಸ್ತ್ರೀರೋಗ ಇತ್ತು. ಹಿಂದೆ ಎಂದಾದರೂ ವೈದ್ಯರಿಂದ ಪರೀಕ್ಷೆ ಮಾಡಿಸಿಕೊಂಡವರು ಶೇ 8 ಮಾತ್ರ. ಸಂಕಟ ಎಲ್ಲರ ಮನೆಯಲ್ಲೂ ಉಂಟು, ಕೇಳುವವರಿಲ್ಲ.

ಕೇಳಬೇಕಾದ ಪ್ರಶ್ನೆಗಳಲ್ಲಿ ಕಷ್ಟದ ಒಂದು ಪ್ರಶ್ನೆ ಮನೆಯೊಳಗಿನ ಹೊಡೆತದ್ದು. ಲೈಂಗಿಕ ಅಥವಾ ದೈಹಿಕ ದೌರ್ಜನ್ಯಕ್ಕೂ ದೀರ್ಘಕಾಲದ ಕಿಬ್ಬೊಟ್ಟೆ ನೋವಿಗೂ ನಂಟಿದೆ ಎಂದು 2006ರ ಬ್ರಿಟಿಷ್ ಮೆಡಿಕಲ್ ಜರ್ನಲ್‌ನ ವಿಮರ್ಶಾ ಲೇಖನ ಹೇಳಿದೆ. ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ಶೇ 44ರಷ್ಟು ಮಂದಿ ಗಂಡನಿಂದ ಹಿಂಸೆ ಕಂಡಿದ್ದಾರೆ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ನೋವಿರುವವಳೆಲ್ಲ ಹೊಡೆತ ತಿಂದವಳಲ್ಲ. ಆದರೆ ಹೊಡೆತ ತಿಂದವಳನ್ನು ಯಾರೂ ಕೇಳದೆ ಇದ್ದರೆ ಯಾವ ಮಾತ್ರೆಯೂ ಪೂರ್ತಿ ಕೆಲಸ ಮಾಡುವುದಿಲ್ಲ.

ನೋವು ಕಸಿಯುವುದು ಏನನ್ನು?

ಎಂಡೊಮೆಟ್ರಿಯೋಸಿಸ್ ಇರುವವರ ಬದುಕಿನ ಗುಣಮಟ್ಟ ಅಳೆಯಲು ಆಕ್ಸ್‌ಫರ್ಡ್‌ನ ಸಂಶೋಧಕರು 2001ರಲ್ಲಿ ಮೂವತ್ತು ಪ್ರಶ್ನೆಗಳ ಒಂದು ಪಟ್ಟಿ ಮಾಡಿದರು. ನೋವು, ಕೈಮೀರಿ ಹೋದ ಭಾವ, ಮನಸ್ಸಿನ ಸ್ಥಿತಿ, ಜೊತೆಯವರ ಆಸರೆ, ತನ್ನ ಬಗ್ಗೆ ತನಗಿರುವ ಚಿತ್ರ – ಇವೇ ಅದರ ಐದು ಭಾಗ.

ಅದೇ ಪ್ರಶ್ನೆಗಳನ್ನು ನಮ್ಮೂರಿನ ಬದುಕಿಗೆ ಇಟ್ಟು ನೋಡಿ. ಸುಬ್ರಹ್ಮಣ್ಯದಿಂದ ಪುತ್ತೂರಿಗೆ ಬಸ್ಸಿನಲ್ಲಿ ಕೂತು ಬರಲು ಆಗುತ್ತದಾ? ಪೂಜೆಯ ಮನೆಯಲ್ಲಿ ಪಂಕ್ತಿಯಲ್ಲಿ ಊಟ ಮುಗಿಯುವವರೆಗೆ ಕೂರಲು ಆಗುತ್ತದಾ? ಬಾವಿಯಿಂದ ನೀರು ಸೇದಲು, ಹಟ್ಟಿಯ ಕೆಲಸಕ್ಕೆ ಬಗ್ಗಲು? ಕೂಡಿಬಾಳುವ ಮನೆಯಲ್ಲಿ ‘ಸೊಸೆ ಸೋಮಾರಿ’ ಎಂಬ ಮಾತು ಎಷ್ಟು ಸಲ ಕಿವಿಗೆ ಬಿತ್ತು?

ದಾಂಪತ್ಯದ ಮಾತು ಇನ್ನೂ ಒಳಗಿನದ್ದು. ಗಂಡ ಗಲ್ಫ್‌ನಲ್ಲಿ ದುಡಿಯುವ ಮನೆಗಳು ಪುತ್ತೂರಿನ ಸುತ್ತ ಬಹಳ. ರಜೆಗೆ ಅಪರೂಪಕ್ಕೆ ಬಂದ ಗಂಡನ ಹತ್ತಿರ ‘ನೋಯುತ್ತದೆ’ ಎಂದು ಹೇಳುವುದು ಸುಲಭವಾ? ಹೇಳದೆ ಸಹಿಸಿಕೊಂಡರೆ ಮುಂದಿನ ಸಲ ಆ ಹೆದರಿಕೆಗೇ ಸ್ನಾಯು ಬಿಗಿಯುತ್ತದೆ, ನೋವು ಇನ್ನೂ ಹೆಚ್ಚುತ್ತದೆ. ಗಂಡನಿಗೆ ಅದು ತಿರಸ್ಕಾರದ ಹಾಗೆ ಕಾಣುತ್ತದೆ. ಇಬ್ಬರೂ ಒಂಟಿಯಾಗುತ್ತಾರೆ.

ಮಕ್ಕಳಾಗಲಿಲ್ಲ ಎಂದರೆ ಭಾರ ಇನ್ನಷ್ಟು. ಎಂಡೊಮೆಟ್ರಿಯೋಸಿಸ್‌ನಿಂದ ಗರ್ಭ ನಿಲ್ಲುವುದು ಕಷ್ಟವಾಗಬಹುದು. ಸಂತಾನಕ್ಕಾಗಿ ಕುಕ್ಕೆ ಸುಬ್ರಹ್ಮಣ್ಯದಲ್ಲಿ ಸರ್ಪಸಂಸ್ಕಾರ, ಆಶ್ಲೇಷ ಬಲಿ ಮಾಡಿಸಲು ನಾಡಿನ ಮೂಲೆಮೂಲೆಯಿಂದ ದಂಪತಿಗಳು ಬರುತ್ತಾರೆ. ಮನೆಗಳಲ್ಲಿ ಜ್ಯೋತಿಷಿಗಳಿಂದ ಪ್ರಶ್ನೆ ಇಡಿಸುತ್ತಾರೆ, ದೈವಕ್ಕೆ ಹರಕೆ ಹೇಳುತ್ತಾರೆ. ನಂಬಿಕೆ ಕೊಡುವ ಧೈರ್ಯ ದೊಡ್ಡದು, ಅದನ್ನು ಯಾರೂ ಕಿತ್ತುಕೊಳ್ಳಬೇಕಿಲ್ಲ. ಹರಕೆಯ ಜೊತೆಗೇ ಸ್ತ್ರೀರೋಗ ತಜ್ಞರ ಬಾಗಿಲೂ ತಟ್ಟಲಿ. ದೋಷ ತನ್ನದೇ ಎಂದು ಅವಳು ಒಬ್ಬಳೇ ಕೊರಗುವಂತಾಗಬಾರದು.

---

ಬಾಕ್ಸ್ 2: ಗಂಡಸರಿಗೂ ಉಂಟು

ವೃಷಣದ ಹಿಂದೆ, ಗುದದ್ವಾರದ ಮುಂದೆ, ಕಿಬ್ಬೊಟ್ಟೆಯಲ್ಲಿ ತಿಂಗಳುಗಟ್ಟಲೆ ನೋವು, ಮೂತ್ರದಲ್ಲಿ ಉರಿ, ಸ್ಖಲನದ ನಂತರ ನೋವು. ಪ್ರಾಸ್ಟೇಟ್ ಸೋಂಕು ಎಂದು ಮತ್ತೆ ಮತ್ತೆ ಮಾತ್ರೆ ಕೊಡುತ್ತಾರೆ. ಹೆಚ್ಚಿನವರಲ್ಲಿ ಪರೀಕ್ಷೆಗೆ ಸೋಂಕು ಸಿಗುವುದೇ ಇಲ್ಲ. ಇಲ್ಲಿಯೂ ಬಿಗಿದ ಸ್ನಾಯು, ಸೂಕ್ಷ್ಮವಾದ ನರ, ಆತಂಕ ಮೂರೂ ಕೂಡಿರಬಹುದು. ನಾಚಿಕೆ ಬಿಟ್ಟು ಮೂತ್ರರೋಗ ತಜ್ಞರಿಗೆ ಹೇಳಿಕೊಳ್ಳಿ.

---

ಮೊದಲ ದಿನವೇ ಎರಡೂ ಪ್ರಶ್ನೆ

ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವುದು ಹೀಗೆ: ಮೊದಲು ಸ್ಕ್ಯಾನಿಂಗ್, ಆಮೇಲೆ ಮಾತ್ರೆ, ಆಮೇಲೆ ಮಂಗಳೂರಿಗೆ ಹೋಗಿ ದೊಡ್ಡ ಪರೀಕ್ಷೆ. ಅಲ್ಲೂ ಏನೂ ಸಿಗದಿದ್ದರೆ ಕೊನೆಗೆ ‘ಮನೋವೈದ್ಯರಿಗೆ ತೋರಿಸಿ’. ಅಷ್ಟು ಹೊತ್ತಿಗೆ ಆ ಮಾತು ಸಲಹೆಯಾಗಿ ಕೇಳಿಸುವುದಿಲ್ಲ, ತೀರ್ಪಾಗಿ ಕೇಳಿಸುತ್ತದೆ. ತಾನು ಸುಳ್ಳು ಹೇಳುತ್ತಿದ್ದೇನೆ ಎಂದು ಡಾಕ್ಟರೇ ನಿರ್ಧರಿಸಿದ್ದಾರೆ ಎಂದುಕೊಂಡು ಆಕೆ ಮನೆಗೆ ಹೋಗುತ್ತಾಳೆ.

ಈ ಕ್ರಮವನ್ನೇ ನೆದರ್‌ಲ್ಯಾಂಡ್ಸ್‌ನ ವೈದ್ಯರು ಪರೀಕ್ಷೆಗೆ ಒಡ್ಡಿದರು. 1991ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ 106 ಹೆಂಗಸರಿದ್ದರು. ಒಂದು ಗುಂಪಿಗೆ ಹಳೆಯ ದಾರಿ: ಮೊದಲು ದೇಹದಲ್ಲಿ ಕಾರಣ ಹುಡುಕು, ಲ್ಯಾಪ್ರೋಸ್ಕೋಪಿ (ಹೊಟ್ಟೆಗೆ ಸಣ್ಣ ರಂಧ್ರ ಮಾಡಿ ಕ್ಯಾಮೆರಾದಲ್ಲಿ ನೋಡುವ ಪರೀಕ್ಷೆ) ಮಾಡು, ಸಿಗದಿದ್ದರೆ ಮನಸ್ಸಿನ ಕಡೆ ನೋಡು. ಇನ್ನೊಂದು ಗುಂಪಿಗೆ ಮೊದಲ ದಿನದಿಂದಲೇ ದೇಹ, ಮನಸ್ಸು, ಆಹಾರ, ದುಡಿಮೆ, ಫಿಸಿಯೋಥೆರಪಿ ಎಲ್ಲಕ್ಕೂ ಸಮಾನ ಗಮನ. ಒಂದು ವರ್ಷದ ನಂತರ ನೋಡಿದರೆ ನೋವಿನಲ್ಲೂ ದಿನದ ಕೆಲಸದಲ್ಲೂ ಹೆಚ್ಚು ಚೇತರಿಸಿಕೊಂಡದ್ದು ಎರಡನೆಯ ಗುಂಪು.

ಮೂವತ್ತು ವರ್ಷ ದಾಟಿದರೂ ನಮ್ಮಲ್ಲಿ ನಡೆಯುತ್ತಿರುವುದು ಹಳೆಯ ದಾರಿಯೇ. ಇದನ್ನು ಬದಲಿಸಲು ಹೊಸ ಯಂತ್ರ ಬೇಡ.

ಎಷ್ಟೋ ಸಲ ಮೊದಲ ಸುಳಿವು ಬರೀ ಕೈಯಲ್ಲೇ ಸಿಗುತ್ತದೆ. ಮಂಚದ ಮೇಲೆ ಮಲಗಿಸಿ, ನೋಯುವ ಜಾಗದ ಮೇಲೆ ಬೆರಳಿಟ್ಟು, ತಲೆ ಎತ್ತಲು ಹೇಳಬೇಕು. ಹೊಟ್ಟೆಯ ಸ್ನಾಯು ಬಿಗಿದಾಗ ನೋವು ಹೆಚ್ಚಾದರೆ ಅದು ಹೊಟ್ಟೆಯ ಗೋಡೆಯ ನೋವಿರಬಹುದು. ಕಡಿಮೆಯಾದರೆ ಒಳಗಿನ ಅಂಗದ್ದಿರಬಹುದು. 1926ರಲ್ಲಿ ಕಾರ್ನೆಟ್ ಎಂಬ ಅಮೆರಿಕದ ಶಸ್ತ್ರವೈದ್ಯರು ಹೇಳಿಕೊಟ್ಟ ಈ ಪರೀಕ್ಷೆಗೆ ಒಂದು ರೂಪಾಯಿ ಖರ್ಚಿಲ್ಲ. ಜೊತೆಗೆ ನಾಲ್ಕು ಮಾತು: ನಿದ್ದೆ ಬರುತ್ತದಾ? ಮನಸ್ಸಿಗೆ ಬೇಜಾರು ಉಂಟಾ? ಮನೆಯಲ್ಲಿ ಯಾರಾದರೂ ಹೊಡೆಯುತ್ತಾರಾ? ಈ ನೋವು ಏನಿರಬಹುದು ಎಂದು ನಿಮಗೆ ಹೆದರಿಕೆ? ಆ ಹೊತ್ತಿಗೆ ಗಂಡ, ಅತ್ತೆ ಹೊರಗಿರಬೇಕು.

ಚಿಕಿತ್ಸೆಯೂ ಹಾಗೆಯೇ ಕೂಡಿ ನಡೆಯಬೇಕು. ಎಂಡೊಮೆಟ್ರಿಯೋಸಿಸ್ ಇದ್ದರೆ ಹಾರ್ಮೋನಿನ ಮಾತ್ರೆ, ಬೇಕಾದವರಿಗೆ ಶಸ್ತ್ರಚಿಕಿತ್ಸೆ. ಬಿಗಿದ ಸ್ನಾಯುವಿಗೆ ಫಿಸಿಯೋಥೆರಪಿ. ಹೆದರಿಕೆ, ಖಿನ್ನತೆಗೆ ಮಾತಿನ ಚಿಕಿತ್ಸೆ, ಬೇಕಾದರೆ ಔಷಧ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳನ್ನು ಸಣ್ಣ ಪ್ರಮಾಣದಲ್ಲಿ ನರದ ನೋವಿಗೂ ಕೊಡುತ್ತಾರೆ. ಅದನ್ನು ಬರೆದುಕೊಟ್ಟರೆ ಹುಚ್ಚಿನ ಮಾತ್ರೆ ಎಂದು ಹೆದರಿ ಬಿಸಾಡಬೇಡಿ, ಯಾಕೆ ಕೊಟ್ಟದ್ದು ಎಂದು ಕೇಳಿ. ಹಾಗೆಂದು ನರಕ್ಕೆ ಕೊಡುವ ಮಾತ್ರೆಗಳೆಲ್ಲ ಎಲ್ಲರಿಗೂ ಹಿಡಿಸುವುದಿಲ್ಲ. ಲ್ಯಾಪ್ರೋಸ್ಕೋಪಿಯಲ್ಲಿ ಕಾರಣ ಕಾಣದ 306 ಹೆಂಗಸರಲ್ಲಿ ಕೆಲವರಿಗೆ ಗ್ಯಾಬಪೆಂಟಿನ್, ಉಳಿದವರಿಗೆ ಔಷಧವಿಲ್ಲದ ಸಪ್ಪೆ ಗುಳಿಗೆ ಕೊಟ್ಟು ನೋಡಿದ ಬ್ರಿಟನ್ನಿನ ಪ್ರಯೋಗ 2020ರಲ್ಲಿ ಪ್ರಕಟವಾಯಿತು. ಸಪ್ಪೆ ಗುಳಿಗೆಗಿಂತ ಅದರಿಂದ ಹೆಚ್ಚಿನ ಪ್ರಯೋಜನ ಸಿಗಲಿಲ್ಲ, ಅಡ್ಡಪರಿಣಾಮ ಮಾತ್ರ ಹೆಚ್ಚಿತ್ತು.

‘ಗರ್ಭಕೋಶ ತೆಗೆದುಬಿಟ್ಟರೆ ಎಲ್ಲ ಸರಿಯಾಗುತ್ತದೆ’ ಎಂಬ ಮಾತಿಗೆ ಬೇಗ ತಲೆಯಾಡಿಸಬೇಡಿ. ನೋವಿನ ಮೂಲ ಸ್ನಾಯುವಿನಲ್ಲೋ ಮೂತ್ರಕೋಶದಲ್ಲೋ ಇದ್ದರೆ ಗರ್ಭಕೋಶ ಹೋದ ಮೇಲೂ ನೋವು ಉಳಿಯುತ್ತದೆ. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಮಾರ್ಗಸೂಚಿ ಜಾರಿ ಮಾಡುವಂತೆ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ರಾಜ್ಯಗಳಿಗೆ ಆದೇಶಿಸಿದೆ. ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳುವುದು ನಿಮ್ಮ ಹಕ್ಕು.

---

ಬಾಕ್ಸ್ 3: ಇವತ್ತೇ ಮಾಡಬಹುದಾದದ್ದು

ಉಸಿರು: ಅಂಗಾತ ಮಲಗಿ, ಮೊಣಕಾಲು ಮಡಚಿ, ಹೊಟ್ಟೆಯ ಮೇಲೆ ಕೈಯಿಡಿ. ನಿಧಾನ ಉಸಿರೆಳೆದಾಗ ಹೊಟ್ಟೆ ಏಳಲಿ, ಕೆಳಗಿನ ಸ್ನಾಯು ಸಡಿಲಾಗಲಿ. ದಿನಕ್ಕೆ ಎರಡು ಹೊತ್ತು ಮಾಡಿ. ಸ್ನಾಯು ಬಿಗಿದಿರುವವರು ಕೆಳಗಿನ ಸ್ನಾಯು ಹಿಂಡಿಹಿಡಿಯುವ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟರನ್ನು ಕೇಳದೆ ಮಾಡಬೇಡಿ, ನೋವು ಹೆಚ್ಚಬಹುದು.

ಪುಸ್ತಕ: ನೋವು ಯಾವಾಗ, ಎಷ್ಟು, ಮುಟ್ಟಿನ ಎಷ್ಟನೇ ದಿನ, ನಿದ್ದೆ ಹೇಗಿತ್ತು – ಮೂರು ತಿಂಗಳು ಬರೆದಿಡಿ. ವೈದ್ಯರಿಗೆ ಇದು ದೊಡ್ಡ ಸಹಾಯ.

ಕರೆ: ಟೆಲಿ ಮಾನಸ್ 14416. 2022ರ ಅಕ್ಟೋಬರ್ 10ರಂದು ಶುರುವಾದ ಮನಸ್ಸಿನ ಆರೋಗ್ಯದ ಉಚಿತ ಸೇವೆ. ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ಹಿಂಸೆ ಇದ್ದರೆ ಮಹಿಳಾ ಸಹಾಯವಾಣಿ 181.

---

ಇಲ್ಲೇ ಆಗುವ ಕೆಲಸ

ಪುತ್ತೂರಿನಲ್ಲೂ ಸುಳ್ಯದಲ್ಲೂ ತಾಲೂಕು ಆಸ್ಪತ್ರೆ ಉಂಟು. ಸುಳ್ಯದಲ್ಲಿ ಕೆ.ವಿ.ಜಿ. ವೈದ್ಯಕೀಯ ಕಾಲೇಜು ಉಂಟು, ಆಯುರ್ವೇದ ಕಾಲೇಜೂ ಉಂಟು. ಈ ಎರಡು ತಾಲೂಕುಗಳ ಗ್ರಾಮಗಳನ್ನು ಸೇರಿಸಿ ಆದ ಹೊಸ ತಾಲೂಕು ಕಡಬ, ದೊಡ್ಡ ಚಿಕಿತ್ಸೆಗೆ ಈಗಲೂ ಅಕ್ಕಪಕ್ಕದ ಊರನ್ನೇ ನಂಬಬೇಕು. ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರದ ದಿನ ಮನೋವೈದ್ಯರನ್ನು ಕರೆಸುವ ‘ಮನೋಚೈತನ್ಯ’ ಕಾರ್ಯಕ್ರಮವನ್ನು ರಾಜ್ಯ ಸರಕಾರ ಹಿಂದೆಯೇ ರೂಪಿಸಿದೆ. ಮನೆಮನೆಗೆ ಹೋಗುವ, ತುಳು, ಅರೆಭಾಷೆ, ಬ್ಯಾರಿ, ತಮಿಳು ಬಲ್ಲ ಆಶಾ ಕಾರ್ಯಕರ್ತೆಯರಿದ್ದಾರೆ.

ಬೇಕಾಗಿರುವುದು ಇವರೆಲ್ಲರನ್ನು ಒಂದೇ ಹೆಂಗಸಿನ ಸುತ್ತ ಸೇರಿಸುವ ವ್ಯವಸ್ಥೆ. ಮನೋವೈದ್ಯರು ಬರುವ ದಿನವೇ ಸ್ತ್ರೀರೋಗ ತಜ್ಞರೂ ಫಿಸಿಯೋಥೆರಪಿಸ್ಟರೂ ಒಟ್ಟಿಗೆ ಸಿಗುವಂತಾದರೆ ಕಡಬದವಳು ಮೂರು ದಿನದ ಕೂಲಿ ಕಳೆದುಕೊಳ್ಳಬೇಕಿಲ್ಲ. ‘ಬಂಜಿಬೇನೆ’ (ಹೊಟ್ಟೆನೋವು) ಎಂದವಳನ್ನು ಆಶಾ ಕಾರ್ಯಕರ್ತೆ ಇನ್ನೆರಡು ಪ್ರಶ್ನೆ ಕೇಳುವಂತೆ ತರಬೇತಿ ಕೊಡಬಹುದು. ಬೀಡಿಯ ಬ್ರಾಂಚುಗಳಲ್ಲಿ, ಸ್ವಸಹಾಯ ಸಂಘಗಳ ವಾರದ ಸಭೆಗಳಲ್ಲಿ ಈ ವಿಷಯ ಮಾತಾಡಬಹುದು. ಹೈಸ್ಕೂಲಿನ ಹುಡುಗಿ ಪ್ರತಿ ತಿಂಗಳು ನೋವಿಗೆ ಶಾಲೆ ತಪ್ಪಿಸಿದರೆ ‘ಮದುವೆಯಾದ ಮೇಲೆ ಸರಿಯಾಗುತ್ತದೆ’ ಎಂದು ಸಮಾಧಾನ ಹೇಳುವ ಬದಲು ವೈದ್ಯರಿಗೆ ತೋರಿಸಬಹುದು.

ಮನೆಯವರಿಗೊಂದು ಮಾತು. ಅವಳು ಹೇಳುವ ನೋವನ್ನು ನಂಬಿ. ನಂಬಿಕೆ ಬರೀ ದಾಕ್ಷಿಣ್ಯದ ಮಾತಲ್ಲ, ಅದೂ ಚಿಕಿತ್ಸೆಯ ಭಾಗ. ತನ್ನನ್ನು ನಂಬುತ್ತಾರೆ ಎಂದು ಗೊತ್ತಾದವಳ ಹೆದರಿಕೆ ತಗ್ಗುತ್ತದೆ, ಹೆದರಿಕೆ ತಗ್ಗಿದರೆ ನೋವೂ ತಗ್ಗುವ ದಾರಿ ತೆರೆಯುತ್ತದೆ.

ವೈದ್ಯರಿಗೊಂದು ಬೇಡಿಕೆ. ರಿಪೋರ್ಟ್ ನಾರ್ಮಲ್ ಬಂದ ದಿನ ಫೈಲು ಮುಚ್ಚಬೇಡಿ. “ನಿಮಗೆ ನೋವಿರುವುದು ನಿಜ. ಇದರಲ್ಲಿ ಕಾಣುವುದಿಲ್ಲ ಅಷ್ಟೆ. ಬೇರೆ ದಾರಿಯಲ್ಲಿ ನೋಡುವ” ಎಂದು ಹೇಳಲು ಅರ್ಧ ನಿಮಿಷ ಸಾಕು. ಅಷ್ಟು ಕೇಳಿಸಿಕೊಂಡವಳು ಮುಂದಿನ ತಿಂಗಳು ಮತ್ತೆ ಬರುತ್ತಾಳೆ. ಬಂದವಳಿಗೆ ಮಾತ್ರ ಚಿಕಿತ್ಸೆ ಕೊಡಲು ಸಾಧ್ಯ.